ಅಜ್ಜಿಯ ಭಾಷೆಗೆ ಟ್ಯೂಷನ್

ದೊಡ್ಡವರಾದ ಮೇಲೆ ಭಾಷೆ ಕಲಿಯಲು ಹೊರಡುವವರಲ್ಲಿ ಎರಡು ಪಂಗಡ. ಬಾರದಿದ್ದರೂ ಮಾನ ಹೋಗದವರು ಒಂದು. ಬಾರದ್ದರಿಂದ ಈಗಾಗಲೇ ಮಾನ ಕಳೆದುಕೊಂಡವರು ಇನ್ನೊಂದು. ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೊದಲ್ಲಿ ನಡೆಯುವ ನಮ್ಮ ಸಂಜೆಯ ಸ್ಪ್ಯಾನಿಷ್ ತರಗತಿಯಲ್ಲಿ ನಾನು ಮೊದಲನೇ ಪಂಗಡ. ಮಂಡ್ಯದವನಿಗೆ ಸ್ಪ್ಯಾನಿಷ್ ಯಾಕೆ ಬರುವುದಿಲ್ಲ ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ಮಂಡ್ಯದಲ್ಲಂತೂ ಕೇಳುವುದೇ ಇಲ್ಲ. ನನ್ನ ಪಕ್ಕದ ಕುರ್ಚಿಯವರು ಎರಡನೇ ಪಂಗಡ. ಮನೆಮನೆಗೆ ಅಂಚೆ ಹಂಚಿ ನಿವೃತ್ತರಾದವರು. ಅಜ್ಜ ಅಜ್ಜಿ ಮೆಕ್ಸಿಕೊದಿಂದ ಬಂದವರು. ಗೋಧಿ ಬಣ್ಣ, ದಪ್ಪ ಮೀಸೆ, ಭಾನುವಾರದ ಚರ್ಚಿಗೆ ಗರಿಗರಿ ಇಸ್ತ್ರಿ ಮಾಡಿದ ಅಂಗಿ, ಯಾವುದಕ್ಕೂ ಕೊರತೆಯಿಲ್ಲ. ಅವರ ಹೆಸರನ್ನು ಇಲ್ಲಿ ಎಳೆದು ತರುವುದು ಬೇಡ, ಯಜಮಾನರು ಎಂದರೆ ಸಾಕು. ಆದರೆ ಮನೆತನದ ಆ ಹೆಸರಿನ ನಟ್ಟನಡುವೆ ಜೋಡಿ ‘ಆರ್’ ಇದೆ ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಸ್ಪ್ಯಾನಿಷಿನಲ್ಲಿ ಜೋಡಿ ‘ಆರ್’ ಬಂತೆಂದರೆ ನಾಲಿಗೆಯ ತುದಿ ಗಡಗಡ ಅದುರಬೇಕು. ಯಜಮಾನರದು ಅದುರುವುದಿಲ್ಲ. ಹುಟ್ಟಿದಾಗಿನಿಂದ ಹೊತ್ತು ತಿರುಗಿದ ಸ್ವಂತ ಹೆಸರನ್ನು ಸರಿಯಾಗಿ ಹೇಳಲು ಅವರಿಗೆ ಬರುವುದಿಲ್ಲ, ನನಗೆ ಬರುತ್ತದೆ. ನಮ್ಮ ಸ್ನೇಹ ಶುರುವಾದದ್ದೇ ಈ ಅನ್ಯಾಯದಿಂದ.

ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಹಳಗನ್ನಡದಲ್ಲಿ ಶಕಟರೇಫ ಎಂಬ ‘ಱ’ ಇತ್ತಲ್ಲ, ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ಅದನ್ನು ಎತ್ತಿನಗಾಡಿ ಕಲ್ಲುದಾರಿ ಹತ್ತಿದಂತೆ ಉಚ್ಚರಿಸಿ ತೋರಿಸಿ, ಮುಂದಿನ ಬೆಂಚಿನವರಿಗೆ ಸಣ್ಣದಾಗಿ ಅಭಿಷೇಕವನ್ನೂ ಮಾಡುತ್ತಿದ್ದರು. ಪರೀಕ್ಷೆಗೆ ಒಂದು ಅಂಕಕ್ಕೂ ಬಾರದ ಆ ವಿದ್ಯೆ ಟೆಕ್ಸಸ್ಸಿನಲ್ಲಿ ಕೈ ಹಿಡಿಯಿತು. ಇನ್ನು ಸ್ಪ್ಯಾನಿಷಿನ ತ, ದ ನಮ್ಮವೇ, ಹಲ್ಲಿಗೆ ನಾಲಿಗೆ ತಾಗಿಸಿದರೆ ಮುಗಿಯಿತು. ಬರೆದದ್ದನ್ನು ಹಾಗೇ ಓದಿದರೆ ಮುಕ್ಕಾಲು ಪಾಲು ಸರಿಯಾಗಿರುತ್ತದೆ. ಇಡೀ ತರಗತಿಗೆ ಬೆವರಿಳಿಸಿದ ‘ನನಗೆ ಕಾಫಿ ಇಷ್ಟ’ ಎಂಬ ವಾಕ್ಯವಂತೂ ನನಗೆ ತವರುಮನೆ. ಇಂಗ್ಲಿಷಿನಲ್ಲಿ ಇಷ್ಟಪಡುವವನು ಯಜಮಾನಿಕೆ ಮಾಡುತ್ತ ವಾಕ್ಯದ ಮುಂದೆ ಕೂರುತ್ತಾನೆ. ಸ್ಪ್ಯಾನಿಷಿನಲ್ಲಿ ಕಾಫಿಗೆ ಕರ್ತೃಪದ ಬಿಟ್ಟುಕೊಟ್ಟು ತಾನು ಚತುರ್ಥಿ ವಿಭಕ್ತಿ ಹಚ್ಚಿಕೊಂಡು ಪಕ್ಕಕ್ಕೆ ಸರಿಯಬೇಕು. ನನಗೆ ಇಷ್ಟ, ನನಗೆ ತಲೆನೋವು ಎಂದೇ ಬೆಳೆದವನಿಗೆ ಇದರಲ್ಲೇನು ಕಷ್ಟ? ಟೀಚರಮ್ಮ ನನ್ನ ಬೆನ್ನು ತಟ್ಟಿದರು. ಯಜಮಾನರು ತಮ್ಮ ಹಾಳೆಯ ಕೆಂಪು ಗೆರೆಗಳನ್ನು ಎಣಿಸುತ್ತ, “ನಿಮ್ಮ ಅಜ್ಜಿ ಯಾರಾದರೂ ಮೆಕ್ಸಿಕೊದವರಾ, ವಿಚಾರಿಸಿ ನೋಡಿ” ಎಂದರು.

ಮೊದಲ ದಿನ ಟೀಚರಮ್ಮ ಎಲ್ಲರನ್ನೂ ಎಬ್ಬಿಸಿ ಯಾಕೆ ಕಲಿಯುತ್ತಿದ್ದೀರಿ ಎಂದು ಕೇಳಿದ್ದರು. ಒಬ್ಬ ನರ್ಸು ರೋಗಿಗಳ ಜತೆ ಮಾತಾಡಲು ಅಂದಳು. ಒಬ್ಬ ಹುಡುಗ ಭಾವೀ ಅತ್ತೆಯನ್ನು ಒಲಿಸಿಕೊಳ್ಳಲು ಅಂದ. ಅವನ ಕಣ್ಣಿನಲ್ಲಿ ಭಯವಿತ್ತು. ನಾನು ಸೂರು ರಿಪೇರಿಗೆ ಬರುವವರ ಹತ್ತಿರ ಚೌಕಾಸಿ ಮಾಡಲು ಎಂದೆ. ಯಜಮಾನರು ಎದ್ದು ನಿಂತು, “ನನ್ನ ಅಜ್ಜಿ ಹತ್ತಿರ ಮಾತಾಡೋದಕ್ಕೆ” ಎಂದರು.

“ಎಷ್ಟು ಚೆಂದ! ಎಲ್ಲಿದ್ದಾರೆ ಅಜ್ಜಿ?”

“ಸ್ಯಾನ್ ಫೆರ್ನಾಂಡೊ ಸ್ಮಶಾನದಲ್ಲಿ.”

ತರಗತಿ ತಣ್ಣಗಾಯಿತು. ಆದರೆ ಅವರು ಹೇಳಿದ್ದು ಗೋಳಿನ ಕತೆಯಲ್ಲ, ನೇರ ವ್ಯವಹಾರದ ಮಾತು. ಮೆಕ್ಸಿಕೊ ಮೂಲದವರು ನವೆಂಬರ್ 1 ಮತ್ತು 2ರಂದು ಸತ್ತವರ ಹಬ್ಬ ಮಾಡುತ್ತಾರೆ. ಸಮಾಧಿ ತೊಳೆದು, ಚೆಂಡುಹೂವಿನಿಂದ ಸಿಂಗರಿಸಿ, ಹೋದವರಿಗೆ ಇಷ್ಟವಾದದ್ದನ್ನು ಎಡೆ ಇಟ್ಟು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಹರಟುತ್ತಾರೆ. ವರ್ಷದ ಸಮಾಚಾರವನ್ನೆಲ್ಲ ಒಪ್ಪಿಸುತ್ತಾರೆ. (ನಮ್ಮ ಆಯುಧಪೂಜೆಗೆ ಗಾಡಿಗಳ ಮೇಲೆ ಏರುವ ಚೆಂಡುಹೂವಿನ ತವರೂ ಮೆಕ್ಸಿಕೊವೇ.) ಯಜಮಾನರೂ ವರ್ಷಾ ವರ್ಷ ಹೂವು ತೆಗೆದುಕೊಂಡು ಹೋಗುತ್ತಾರೆ, ಕುರ್ಚಿ ಹಾಕುತ್ತಾರೆ, ಸುಮ್ಮನೆ ಕೂತು ಬರುತ್ತಾರೆ. “ಅಜ್ಜಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಸತ್ತ ಮೇಲೆ ಕಲಿತಿರ್ತಾಳೆ ಅಂತ ನನಗೆ ನಂಬಿಕೆ ಇಲ್ಲ” ಎಂದು ಅವರು ಕೂತುಬಿಟ್ಟರು.

ಅವರಿಗೆ ಸ್ಪ್ಯಾನಿಷ್ ಸುತರಾಂ ಬರುವುದಿಲ್ಲ ಎಂದುಕೊಳ್ಳಬೇಡಿ. ಮೂರು ಖಾತೆಗಳು ಅವರ ಕೈಯಲ್ಲಿವೆ: ಅಡುಗೆ, ದೇವರು, ಬೈಗುಳ. ಅಜ್ಜಿಯ ಜತೆ ಬೆಳೆದ ಮಕ್ಕಳ ಪಾಲಿಗೆ ಸಾಮಾನ್ಯವಾಗಿ ಬರುವ ಆಸ್ತಿ ಇದೇ. ಒಲೆ ಆರಿಸು, ಬಾಗಿಲು ಹಾಕು, ಕೈ ತೊಳಿ, ಕತ್ತೆ ಎಲ್ಲವೂ ಗೊತ್ತು. ಬ್ಯಾಂಕಿನ ಸಾಲ, ಮಂಡಿನೋವು, ಮಗಳ ವಿಚ್ಛೇದನ ಇವುಗಳಿಗೆ ಮಾತ್ರ ಮಾತಿಲ್ಲ. ಎದುರಿನವರು ಹೇಳಿದ್ದು ಅರ್ಧ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ.

ಶನಿವಾರ ಬೆಳಿಗ್ಗೆ ನಾವಿಬ್ಬರೂ ಊರಿನ ವೆಸ್ಟ್ ಸೈಡಿನಲ್ಲಿರುವ ಒಂದು ಪನದೆರಿಯಾಗೆ, ಅಂದರೆ ಬೇಕರಿಗೆ ಹೋಗುತ್ತೇವೆ. ಬಾಗಿಲ ಬಳಿಯೇ ತಟ್ಟೆ, ಇಕ್ಕಳ ಇಟ್ಟಿರುತ್ತಾರೆ. ಗಾಜಿನ ಕಪಾಟಿನ ಬಾಗಿಲು ನಾವೇ ತೆಗೆದು, ಬೇಕಾದ್ದನ್ನು ಇಕ್ಕಳದಲ್ಲಿ ಎತ್ತಿ ತಟ್ಟೆಗೆ ಹಾಕಿಕೊಂಡು ಗಲ್ಲಾದ ಹತ್ತಿರ ಬರಬೇಕು. ಮೇಲೆ ಚಿಪ್ಪಿನ ಗೆರೆಯ ಸಕ್ಕರೆ ಹೊದಿಕೆ ಇರುವ ಕೊಂಚಾ, ಸಿಹಿಗುಂಬಳದ ಹೂರಣ ತುಂಬಿದ ಎಂಪನಾದಾ, ಮತ್ತೆ ಬೆಲ್ಲ ಹಾಕಿ ಬೇಯಿಸಿದ ಹಂದಿಮರಿ ಆಕಾರದ ದಪ್ಪ ಬಿಸ್ಕತ್ತು. ಬೆಲ್ಲವೆಂದರೆ ಬೆಲ್ಲವೇ, ಶಂಕುವಿನ ಆಕಾರದ ಕಂದು ಅಚ್ಚು. ಆಲೆಮನೆ ಕಂಡ ಮೂಗಿಗೆ ಮೋಸ ಮಾಡಲಾಗದು. ಆ ಹಂದಿಮರಿ ಬಿಸ್ಕತ್ತಿನ ಹೆಸರು ಮರ್‍ರಾನೀತೊ. ಮತ್ತೆ ಜೋಡಿ ‘ಆರ್’! ಯಜಮಾನರಿಗೆ ಅದೆಂದರೆ ಪಂಚಪ್ರಾಣ. ಹಾಗಾಗಿಯೇ ಅವರು ಇಕ್ಕಳ ಕೊಡುವ ಬೇಕರಿಗೆ ಮಾತ್ರ ಹೋಗುತ್ತಾರೆ. ಹೆಸರು ಹೇಳಿ ಕೇಳಬೇಕಾದ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ತೊಂದರೆ ಇರುವುದು ಗಲ್ಲಾದ ಹತ್ತಿರ. ಅಲ್ಲಿ ಕೂತ ಹೆಂಗಸು ನಮ್ಮಿಬ್ಬರ ಬಣ್ಣ, ಮೀಸೆ ನೋಡಿದವಳೇ ಸರಸರ ಸ್ಪ್ಯಾನಿಷಿನಲ್ಲಿ ಏನೋ ಕೇಳುತ್ತಾಳೆ. ನಾನು ನಿಧಾನ, ತಪ್ಪುತಪ್ಪಾಗಿ, ನಾನು ಇಂಡಿಯಾದವನಮ್ಮ, ಕಲಿಯುತ್ತಿದ್ದೇನೆ ಎನ್ನುತ್ತೇನೆ. ಅವಳ ಮುಖ ಅರಳುತ್ತದೆ. ಎಷ್ಟು ಚೆನ್ನಾಗಿ ಮಾತಾಡುತ್ತೀರಿ ಎಂದು ಒಂದು ಬಿಸ್ಕತ್ತನ್ನು ಪುಕ್ಕಟೆ ಚೀಲಕ್ಕೆ ಹಾಕುತ್ತಾಳೆ. ಯಜಮಾನರು ನನಗಿಂತ ಹತ್ತು ಪಟ್ಟು ಅರ್ಥ ಮಾಡಿಕೊಂಡಿರುತ್ತಾರೆ, ಉತ್ತರವನ್ನೂ ಜೋಡಿಸಿಕೊಂಡಿರುತ್ತಾರೆ, ಆದರೆ ಕ್ರಿಯಾಪದದ ಬಾಲ ಒಂಚೂರು ಜಾರುತ್ತದೆ. ಅವಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳುತ್ತಾಳೆ: “ಯಾಕೆ, ನಿಮ್ಮಮ್ಮ ಕಲಿಸಲಿಲ್ಲವಾ?” ಯಜಮಾನರಿಗೆ ಪುಕ್ಕಟೆ ಬಿಸ್ಕತ್ತು ಸಿಕ್ಕಿದ್ದನ್ನು ನಾನು ಕಂಡಿಲ್ಲ. ನನಗೆ ಸಿಕ್ಕಿದ್ದನ್ನೇ ಕಾರಿನಲ್ಲಿ ಕೂತು ಇಬ್ಬರೂ ಮುರಿದು ತಿನ್ನುತ್ತೇವೆ.

ನನ್ನನ್ನು ಮೆಕ್ಸಿಕೊದವನೆಂದು ತಿಳಿಯುವುದರಲ್ಲಿ ಆ ಹೆಂಗಸಿನ ತಪ್ಪೇನೂ ಇಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಪಂಜಾಬಿನಿಂದ ಕ್ಯಾಲಿಫೋರ್ನಿಯಾಗೆ ಬೇಸಾಯ ಮಾಡಲು ಬಂದ ಗಂಡಸರು, ವಲಸೆ ಕಾನೂನಿನ ದೆಸೆಯಿಂದ ಊರಿನಿಂದ ಹೆಂಡತಿಯನ್ನು ಕರೆತರಲಾರದೆ, ಇಂಪೀರಿಯಲ್ ಕಣಿವೆಯಲ್ಲಿ ಮೆಕ್ಸಿಕೊದ ಹೆಣ್ಣುಗಳನ್ನು ಮದುವೆಯಾಗಿ ಸಂಸಾರ ಹೂಡಿದರು. ಕೇರನ್ ಲಿಯೊನಾರ್ಡ್ ಎಂಬ ವಿದ್ವಾಂಸೆ 1992ರಲ್ಲಿ ಈ ಕುಟುಂಬಗಳ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಆ ಮನೆಗಳ ಮಕ್ಕಳಿಗೆ ಅಪ್ಪನಿಂದ ಸಿಂಗ್ ಎಂಬ ಹೆಸರು ಬಂತು, ಅಮ್ಮನಿಂದ ಸ್ಪ್ಯಾನಿಷ್ ಬಂತು. ಪಂಜಾಬಿ ಬರಲಿಲ್ಲ, ಅಪ್ಪ ಹಗಲೆಲ್ಲ ಹೊಲದಲ್ಲಿರುತ್ತಿದ್ದ. ಯಜಮಾನರಿಗೆ ಈ ಕತೆ ಹೇಳಿದೆ. “ನೋಡಿ, ಸಿಂಗ್‌ಗೂ ಬರುತ್ತೆ, ನನಗೆ ಮಾತ್ರ ಬರಲ್ಲ” ಎಂದು ಹಣೆ ಚಚ್ಚಿಕೊಂಡರು.

ಅಮ್ಮ ಯಾಕೆ ಕಲಿಸಲಿಲ್ಲ ಎಂಬ ಪ್ರಶ್ನೆಗೆ ಉತ್ತರವಿದೆ. ಬೇಕರಿಯ ಗಲ್ಲಾದಲ್ಲಿ ನಿಂತು ಹೇಳುವಷ್ಟು ಚಿಕ್ಕದಲ್ಲ, ಅಷ್ಟೇ. 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೊ ತನ್ನ ಅರ್ಧದಷ್ಟು ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಾಗ ಅಲ್ಲಿದ್ದ ಜನ ಕೂತಲ್ಲೇ ಪರದೇಶಿಗಳಾದರು. ಟೆಕ್ಸಸ್ 1918ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಹೇಳುವುದನ್ನು ಶಿಕ್ಷಾರ್ಹ ಅಪರಾಧ ಮಾಡಿತು. ಮೇಷ್ಟರಿಗೇ ಶಿಕ್ಷೆ ಎಂದ ಮೇಲೆ ಮಕ್ಕಳ ಪಾಡು ಕೇಳಬೇಕೆ? ಆಟದ ಬಯಲಿನಲ್ಲಿ ಗೆಳೆಯನನ್ನು ಸ್ಪ್ಯಾನಿಷಿನಲ್ಲಿ ಕೂಗಿದರೂ ಏಟು. ಯಜಮಾನರ ತಾಯಿ ಓದಿದ ಶಾಲೆಯಲ್ಲಿ ಬೆರಳ ಗೆಣ್ಣಿಗೆ ಅಡ್ಡ ರೂಲರಿನಿಂದ ಹೊಡೆಯುತ್ತಿದ್ದರಂತೆ. ಆಕೆ ಮಕ್ಕಳಾದ ಮೇಲೆ ಒಂದು ತೀರ್ಮಾನ ಮಾಡಿದರು: ಈ ಮನೆಯ ಮಕ್ಕಳ ಬೆರಳಿಗೆ ಏಟು ಬೀಳಕೂಡದು. ಅತ್ತೆಯ ಜತೆ ಸ್ಪ್ಯಾನಿಷ್, ಮಕ್ಕಳ ಜತೆ ಇಂಗ್ಲಿಷ್. ಒಂದೇ ಅಡುಗೆಮನೆಯಲ್ಲಿ ಎರಡು ದೇಶ. ಏಟು ಬೀಳಲಿಲ್ಲ, ಭಾಷೆಯೂ ಬರಲಿಲ್ಲ.

ಏಟಿಗಿಂತ ವಿಚಿತ್ರವಾದದ್ದು ಪಶ್ಚಿಮ ಟೆಕ್ಸಸ್ಸಿನ ಮಾರ್ಫಾ ಎಂಬ ಸಣ್ಣ ಊರಿನಲ್ಲಿ ನಡೆಯಿತು. ಅಲ್ಲಿನ ಬ್ಲ್ಯಾಕ್‌ವೆಲ್ ಶಾಲೆ ಮೆಕ್ಸಿಕೊ ಮೂಲದ ಮಕ್ಕಳಿಗೆಂದೇ ಇದ್ದ ಮಣ್ಣಿಟ್ಟಿಗೆಯ ಕಟ್ಟಡ. 1954ರಲ್ಲಿ ಇನ್ನು ಸ್ಪ್ಯಾನಿಷ್ ಆಡುವುದಿಲ್ಲ ಎಂದು ಮಕ್ಕಳ ಕೈಯಲ್ಲಿ ಚೀಟಿಗಳ ಮೇಲೆ ಬರೆಸಿ, ಅವನ್ನೊಂದು ಪೆಟ್ಟಿಗೆಗೆ ತುಂಬಿಸಿ, ಧ್ವಜಸ್ತಂಭದ ಹತ್ತಿರ ಗುಂಡಿ ತೋಡಿ, ‘ಮಿಸ್ಟರ್ ಸ್ಪ್ಯಾನಿಷ್’ನ ಅಂತ್ಯಕ್ರಿಯೆ ಎಂದು ಶಾಸ್ತ್ರೋಕ್ತವಾಗಿ ಹೂಳಿಸಿದರು. ಶವವಿಲ್ಲದ ಶವಸಂಸ್ಕಾರ! ಶಾಲೆ 1965ರಲ್ಲಿ ಮುಚ್ಚಿತು. 2007ರಲ್ಲಿ ತಲೆ ನೆರೆತ ಹಳೆಯ ವಿದ್ಯಾರ್ಥಿಗಳು ಒಟ್ಟು ಸೇರಿ, ಒಂದು ಸ್ಪ್ಯಾನಿಷ್ ನಿಘಂಟನ್ನು ಮಣ್ಣಿನಿಂದ ಮೇಲೆತ್ತುವ ಇನ್ನೊಂದು ಶಾಸ್ತ್ರ ಮಾಡಿದರು. ಈಗ ಆ ಕಟ್ಟಡ ರಾಷ್ಟ್ರೀಯ ಐತಿಹಾಸಿಕ ತಾಣ, 2022ರಲ್ಲಿ ಕಾಯಿದೆಯಾಯಿತು. ಹೂತವರ ಸರ್ಕಾರವೇ ಈಗ ಗುಂಡಿಗೆ ಕಾವಲು.

ನಮ್ಮ ಸ್ಯಾನ್ ಆಂಟೋನಿಯೊ ಕೂಡ ಸುಮ್ಮನೆ ಕೂತ ಊರಲ್ಲ. 1968ರಲ್ಲಿ ಇಲ್ಲಿನ ಲನಿಯರ್ ಹೈಸ್ಕೂಲಿನ ಹುಡುಗ ಹುಡುಗಿಯರು ಎದ್ದು ನಿಂತು ಮಂಡಿಸಿದ ಬೇಡಿಕೆಗಳಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ದಂಡಿಸಬಾರದು ಎಂಬುದೂ ಒಂದು. ಮರುವರ್ಷ ಟೆಕ್ಸಸ್ ದ್ವಿಭಾಷಾ ಪಾಠಕ್ಕೆ ಬಾಗಿಲು ತೆರೆಯಿತು. ಈಗಿನ ತಮಾಷೆ ಕೇಳಿ: ಮಕ್ಕಳಿಗೆ ಎಳವೆಯಲ್ಲೇ ಸ್ಪ್ಯಾನಿಷ್ ಬಂದರೆ ಬುದ್ಧಿ ಚುರುಕಾಗುತ್ತದೆ, ಮುಂದೆ ಕೆಲಸಕ್ಕೂ ಅನುಕೂಲ ಎಂದು ಇಂಗ್ಲಿಷ್ ಮನೆಗಳ ಅಪ್ಪ ಅಮ್ಮಂದಿರು ಎರಡು ಭಾಷೆಯ ಶಾಲೆಗಳಲ್ಲಿ ಸೀಟಿಗಾಗಿ ಪರದಾಡುತ್ತಾರೆ. ಯಜಮಾನರ ಬೀದಿಯಲ್ಲಿ ನೀಲಿ ಕಣ್ಣಿನ ಒಂದು ಪೋರಿ ಇದ್ದಾಳೆ. ಸೈಕಲ್ ಹೊಡೆಯುತ್ತ ಬಂದು ಜೋಡಿ ‘ಆರ್’ ಉರುಳಿಸಿ ಅವರ ಹೆಸರು ಕೂಗಿ ಹೋಗುತ್ತಾಳೆ. “ಇವಳು ಹೇಳಿದ ಮೇಲೇ ಗೊತ್ತಾಗಿದ್ದು, ನನ್ನ ಹೆಸರು ಇಷ್ಟು ಚೆನ್ನಾಗಿದೆ ಅಂತ.”

ನನಗೆ ಸಿಟ್ಟು ಬರುವುದು ಹಳೆಯ ಶಾಲೆಗಳ ಮೇಲಷ್ಟೇ ಅಲ್ಲ. ಅವುಗಳ ಕಾಲ ಹೇಗೂ ಮುಗಿಯಿತು. ಯಜಮಾನರ ಸ್ವಂತ ಬಳಗದವರ ಮೇಲೆ ಹೆಚ್ಚು ಸಿಟ್ಟು. ಭಾಷೆ ಬಾರದ ಮೊಮ್ಮಕ್ಕಳಿಗೆ ಅಲ್ಲಿ ‘ನೊ ಸಾಬೊ’ ಮಕ್ಕಳು ಎಂಬ ಅಡ್ಡಹೆಸರಿದೆ. ‘ನನಗೆ ಗೊತ್ತಿಲ್ಲ’ ಎನ್ನಲು ಹೊರಟು ಕ್ರಿಯಾಪದದ ರೂಪ ತಪ್ಪಿಸಿದವರು ಎಂದರ್ಥ. ಎಳೆಮಕ್ಕಳೆಲ್ಲ ಹಾಗೇ ಅನ್ನುತ್ತವೆ, ಆಗ ಮುದ್ದು. ಮೂವತ್ತು ವರ್ಷದವನು ಅಂದರೆ ನಗೆಪಾಟಲು. ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿತು. ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಆಡುವ ನಾಡುಗಳ ಮೂಲದವರು, ಅನ್ನಿಸಿಕೊಳ್ಳಲು ಸ್ಪ್ಯಾನಿಷ್ ಬರಲೇಬೇಕೆಂದಿಲ್ಲ ಎಂದು ಅಮೆರಿಕದ ಹಿಸ್ಪಾನಿಕರಲ್ಲಿ ನೂರಕ್ಕೆ 78 ಮಂದಿ ಉದಾರವಾಗಿ ಹೇಳಿದರು. ಅದೇ ಸಮೀಕ್ಷೆಯಲ್ಲಿ, ಭಾಷೆ ಅಷ್ಟಾಗಿ ಬಾರದವರಲ್ಲಿ ನೂರಕ್ಕೆ 54 ಮಂದಿ, ನಮ್ಮವರೇ ನಮ್ಮನ್ನು ಇದೇ ಕಾರಣಕ್ಕೆ ಮುಜುಗರಪಡಿಸಿದ್ದಾರೆ ಎಂದರು. ಸಮೀಕ್ಷೆಯವರ ಎದುರಿಗೆ ಉದಾರಿಗಳು, ಬೇಕರಿಯಲ್ಲಿ ಬೇರೆಯೇ.

ಈ ಅನ್ಯಾಯ ದೊಡ್ಡವರನ್ನೂ ಬಿಟ್ಟಿಲ್ಲ. ಇದೇ ಊರಿನ ಮೇಯರಾಗಿದ್ದ ಹೂಲಿಯಾನ್ ಕಾಸ್ಟ್ರೊ 2020ರ ಅಧ್ಯಕ್ಷ ಚುನಾವಣೆಗೆ ನಿಲ್ಲಲು ಹೊರಟಾಗ, ನಿಮಗೆ ಸ್ಪ್ಯಾನಿಷ್ ಯಾಕೆ ಸರಾಗವಾಗಿ ಬರುವುದಿಲ್ಲ ಎಂದು ಹೋದಲ್ಲೆಲ್ಲ ಕೇಳಿದರು. ಹಿಂದಿನ ತಲೆಮಾರು ಶಾಲೆಯಲ್ಲಿ ತಿಂದ ಏಟಿನ ಕತೆಯನ್ನು ಅವರೂ ಹೇಳಬೇಕಾಯಿತು. ಅದೇ ಪೈಪೋಟಿಯಲ್ಲಿದ್ದ, ಐರಿಷ್ ಮೂಲದ ಬೀಟೊ ಓರೂರ್ಕ್ ಚರ್ಚಾವೇದಿಕೆಯ ಮೇಲೆ ಸ್ಪ್ಯಾನಿಷಿನಲ್ಲಿ ಶುರುಹಚ್ಚಿಕೊಂಡರು. ಅವರಿಗೆ ಅದು ಹೆಚ್ಚುವರಿ ಅಂಕ, ಇವರಿಗೆ ಕಡ್ಡಾಯ ಪತ್ರಿಕೆ. ಗಾಯಕಿ ಸೆಲೀನಾ ಮಾತ್ರ ಈ ಪರೀಕ್ಷೆಯನ್ನು ನಕ್ಕುಕೊಂಡೇ ದಾಟಿದಳು. 1971ರಲ್ಲಿ ಟೆಕ್ಸಸ್ಸಿನಲ್ಲಿ ಹುಟ್ಟಿ ಇಂಗ್ಲಿಷಿನಲ್ಲೇ ಬೆಳೆದವಳು. ಸ್ಪ್ಯಾನಿಷ್ ಹಾಡುಗಳನ್ನು ಮೊದಲಿಗೆ ಉಚ್ಚಾರಣೆ ಬಾಯಿಪಾಠ ಮಾಡಿ ಹಾಡಿದಳು, ಭಾಷೆ ಆಮೇಲೆ ಬಂತು. ಮೆಕ್ಸಿಕೊದ ಪತ್ರಕರ್ತರೆದುರು ಎಡವುತ್ತ ಎಡವುತ್ತ ಮಾತಾಡಿ ಅವರನ್ನೇ ಗೆದ್ದಳು. 1995ರಲ್ಲಿ, 23ರ ವಯಸ್ಸಿನಲ್ಲಿ ಕೊಲೆಯಾದಳು. ಯಜಮಾನರ ಕಾರಿನಲ್ಲಿ ಬೇರೆ ಯಾರ ಹಾಡೂ ಇಲ್ಲ.

ಇನ್ನೊಂದು ಎಳೆ ಇದೆ, ಎಳೆದರೆ ಇಡೀ ಬಟ್ಟೆ ಬಿಚ್ಚಿಕೊಳ್ಳುತ್ತದೆ. ಅಜ್ಜಿಯ ಭಾಷೆ, ಅಜ್ಜಿಯ ಭಾಷೆ ಎನ್ನುತ್ತೇವಲ್ಲ, ಅಜ್ಜಿಯ ಅಜ್ಜಿಯದು ಯಾವುದು? ಸ್ಪ್ಯಾನಿಷ್ ಕೂಡ ಹಡಗು ಹತ್ತಿ, ಕತ್ತಿ ಹಿಡಿದು ಬಂದ ಭಾಷೆಯೇ. ಮೆಕ್ಸಿಕೊ ಸರ್ಕಾರ ಇವತ್ತಿಗೂ 68 ಮೂಲನಿವಾಸಿ ಭಾಷೆಗಳನ್ನು ಲೆಕ್ಕಕ್ಕಿಟ್ಟಿದೆ. ಅವುಗಳಲ್ಲೊಂದಾದ ನಾವಾತ್ಲ್ ಭಾಷೆಯ ಟೊಮೆಟೊ ನಮ್ಮ ಸಾರಿನಲ್ಲೇ ಕುದಿಯುತ್ತಿದೆ. ನಮ್ಮೂರ ಬೇಲಿಯ ಪಾಪಾಸುಕಳ್ಳಿಯನ್ನು ಇಲ್ಲಿ ಮುಳ್ಳು ಹೆರೆದು, ಹೆಚ್ಚಿ, ಮೊಟ್ಟೆಯ ಜತೆ ಹುರಿದು ತಿನ್ನುತ್ತಾರೆ. ಸ್ವಲ್ಪ ಹುಳಿ, ಸ್ವಲ್ಪ ಲೋಳೆ, ಬೆಂಡೆಕಾಯಿ ಒಗ್ಗಿದವರಿಗೆ ಒಗ್ಗುತ್ತದೆ. ಸ್ಪೇನಿನವರು ಬರುವ ಮೊದಲೂ ಅಲ್ಲಿನ ಜನ ಅದನ್ನು ತಿನ್ನುತ್ತಿದ್ದರು. ಈ ಪ್ರವರವನ್ನೆಲ್ಲ ಹೇಳಿ, ನಿಮ್ಮ ಪೂರ್ವಿಕರು ಇನ್ನೂ ಹಳೆಯ ಭಾಷೆಯೊಂದನ್ನು ಆಡಿರಬಹುದು ಎಂದು ಯಜಮಾನರ ತಲೆಗೆ ಹುಳ ಬಿಟ್ಟೆ. ಅವರು ಕೈಮುಗಿದರು: “ಮೊದಲು ಒಂದು ಮುಗೀಲಿ.”

ಅಕ್ಟೋಬರಿನಲ್ಲಿ ಮನೆಪಾಠಕ್ಕೆ ಪತ್ರಲೇಖನ ಬಂತು. ನಾನು ಸೂರಿನ ಸೋರಿಕೆಯ ಬಗ್ಗೆ ದೂರು ಬರೆದೆ, ನೂರಕ್ಕೆ ತೊಂಬತ್ತು ಬಂತು. ಯಜಮಾನರು ಅಜ್ಜಿಗೆ ಬರೆದಿದ್ದರು. ಎರಡು ಪುಟ. ಮಂಡಿನೋವು, ಮಗಳ ವಿಚಾರ, ಅಂಗಳದ ಪೆಕಾನ್ ಮರ ಕಡಿಸಿದ್ದು. ಟೀಚರಮ್ಮ ಒಂದು ಕಡೆ ‘ಅಸೀನಾ’ ಎಂಬ ಮಾತಿಗೆ ಕೆಂಪು ಗೆರೆ ಎಳೆದಿದ್ದರು; ಪುಸ್ತಕದ ಸ್ಪ್ಯಾನಿಷಿನಲ್ಲಿ ಅದು ‘ಅಸೀ’, ‘ಹೀಗೆ’ ಎಂದರ್ಥ. ಅದುವರೆಗೆ ಯಾವ ಕೆಂಪು ಗೆರೆಗೂ ತಕರಾರು ತೆಗೆಯದ ಮನುಷ್ಯ ಅಂದು ಬಗ್ಗಲಿಲ್ಲ. “ಅಜ್ಜಿ ಹೀಗೇ ಅಂತಿದ್ದಳು. ಪತ್ರ ಓದೋದು ಅವಳು.” ಟೀಚರಮ್ಮ ಪ್ರಾಮಾಣಿಕರು. ಇದು ನಾಲ್ಕು ನೂರು ವರ್ಷದ ಹಿಂದೆ ಸ್ಪೇನಿನಲ್ಲೇ ಚಾಲ್ತಿಯಲ್ಲಿದ್ದ ರೂಪ, ಹಳ್ಳಿಗಾಡಿನವರ ಬಾಯಲ್ಲಿ ಉಳಿದುಕೊಂಡಿದೆ, ಪರೀಕ್ಷೆಯಲ್ಲಿ ಬರೆದರೆ ಅಂಕ ಹೋಗುತ್ತದೆ, ಸ್ಮಶಾನದಲ್ಲಿ ಓದಿದರೆ ಹೋಗುವುದಿಲ್ಲ ಎಂದು ಒಪ್ಪಿ, ಗೆರೆಯ ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ‘ಇರಲಿ’ ಎಂದು ಬರೆದುಕೊಟ್ಟರು. ನವೆಂಬರ್ 2ರಂದು ಯಜಮಾನರು ಹೂವು, ಕುರ್ಚಿ, ಎರಡು ಪುಟ ತೆಗೆದುಕೊಂಡು ಹೋದರು. ಹೇಗಾಯಿತು ಎಂದು ಮರುದಿನ ಕೇಳಿದೆ. “ಪೂರ್ತಿ ಕೇಳಿಸಿಕೊಂಡಳು. ನಡುವೆ ತಿದ್ದಲಿಲ್ಲ, ಬದುಕಿದ್ದಾಗ ಹಾಗಿರಲಿಲ್ಲ.”

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮವರು ಅಮೆರಿಕದಲ್ಲಿ ಸ್ಪ್ಯಾನಿಷಿನೊಳಗೇ ಸಂಸಾರ ಮಾಡುತ್ತಿದ್ದಾರೆ. ಸ್ಯಾನ್ ಹೋಸೆ, ಸಾಂತಾ ಕ್ಲಾರಾ, ಪಾಲೊ ಆಲ್ಟೊ ಎಂದು ವಿಳಾಸ ಬರೆಯುತ್ತಾರೆ. ಆ ವಿಳಾಸಗಳಲ್ಲಿ ಬೆಳೆದ ಮಕ್ಕಳು ರಜೆಯಲ್ಲಿ ಮೈಸೂರು, ಮಂಡ್ಯ, ಧಾರವಾಡಕ್ಕೆ ಬರುತ್ತಾರೆ. ನಮ್ಮ ಮಕ್ಕಳ ಬೆರಳಿಗೆ ಯಾರೂ ರೂಲರಿನಿಂದ ಹೊಡೆದಿಲ್ಲ, ನಮ್ಮ ಭಾಷೆಯನ್ನು ಯಾರೂ ಪೆಟ್ಟಿಗೆಗೆ ಹಾಕಿ ಹೂತಿಲ್ಲ; ಹಾಗಾಗಿ ನಮ್ಮ ಹತ್ತಿರ ಅಂಥ ಗಟ್ಟಿ ನೆಪವೂ ಇಲ್ಲ. ಕಳೆದ ಬೇಸಿಗೆಯಲ್ಲಿ ನನ್ನ ಮಗಳು ಊರಿನಲ್ಲಿ “ಅಜ್ಜಿ ಬಂತು” ಎಂದಳು. ಇಡೀ ಜಗಲಿ ಬಿದ್ದುಬಿದ್ದು ನಕ್ಕಿತು. ಆಮೇಲೆ ಅವಳು ಅಲ್ಲಿದ್ದಷ್ಟು ದಿನವೂ ಇಂಗ್ಲಿಷಿನಲ್ಲೇ ಮಾತಾಡಿದಳು. ಅದೇ ಜಗಲಿಗೆ ಯಾರೋ ಬಿಳಿಯ ಬಂದು “ಕನ್ನಡ ಗೊತ್ತು” ಎಂದಿದ್ದರೆ ಹಾರ ಹಾಕಿ ವಿಡಿಯೊ ಮಾಡುತ್ತಿದ್ದೆವು.

ಈ ಡಿಸೆಂಬರಿನಲ್ಲಿ ನಿಮ್ಮ ಮನೆಗೂ ಅಂಥ ಮೊಮ್ಮಕ್ಕಳು ಬರಬಹುದು. ಅಜ್ಜಿ ಬಂತು, ತಾತ ಹೋಯ್ತು, ನಾನು ಹಸಿವು ಇದೆ ಎಂದೆಲ್ಲ ಅನ್ನಬಹುದು. ದಯವಿಟ್ಟು ನಗಬೇಡಿ. ತಿದ್ದಲೇಬೇಕು ಎಂದು ನಾಲಿಗೆ ತುರಿಸಿದರೆ, ಮೊದಲು ಊಟಕ್ಕೆ ಬಡಿಸಿ.